ಡಿಟೆನ್ಶನ್ ಮತ್ತು ನಮ್ಮ ‘ಬಂಧನ’

ಕೊಲ್ಲಾಪುರದ ಮರಾಠಿ ಪತ್ರಿಕೆಯನ್ನೂ ಬೆಳಗಾವಿಯ ಕನ್ನಡ ಪತ್ರಿಕೆಯನ್ನೂ ಒಟ್ಟಿಗೆ ಓದುವ ಗಡಹಿಂಗ್ಲಜದ ಓದುಗನಿಗೆ ಒಂದು ವ್ಯತ್ಯಾಸ ಕಾಣದಿರದು. ಮರಾಠಿಯಲ್ಲಿ ಪೊಲೀಸರು ಹಿಡಿದರೆ ‘ಅಟಕ’, ವಿಚಾರಣೆಗಾಗಿ ಇರಿಸಿಕೊಂಡರೆ ‘ಕೋಠಡಿ’, ಅಪರಾಧ ನಡೆಯುವ ಮುನ್ನವೇ ಶಂಕೆಯ ಮೇಲೆ ಕೂಡಿಹಾಕಿದರೆ ‘ಸ್ಥಾನಬದ್ಧತಾ’. ಕನ್ನಡ ಪತ್ರಿಕೆ ಈ ಮೂರಕ್ಕೂ ‘ಬಂಧನ’ವೊಂದನ್ನೇ ದುಡಿಸುತ್ತದೆ, ತೀರ ಅಗತ್ಯವೆನಿಸಿದರೆ ‘ನ್ಯಾಯಾಂಗ’, ‘ಮುನ್ನೆಚ್ಚರಿಕೆ’ ಎಂಬ ವಿಶೇಷಣ ಅಂಟಿಸುತ್ತದೆ.

‘ಡಿಟೆನ್ಶನ್’ ಪದದ ಲ್ಯಾಟಿನ್ ಮೂಲದಲ್ಲಿರುವುದು ತಡೆದು ಹಿಡಿದಿಡುವ ಕ್ರಿಯೆ. ಮಗುವನ್ನು ಅದೇ ತರಗತಿಯಲ್ಲಿ ಮತ್ತೊಂದು ವರ್ಷ ಉಳಿಸಿಕೊಳ್ಳುವುದೂ ಡಿಟೆನ್ಶನ್ನೇ. ಅಲ್ಲಿ ಯಾರೂ ‘ಬಂಧನ’ ಎನ್ನುವುದಿಲ್ಲ. ಭವಬಂಧನ, ಮೋಹಬಂಧನಗಳ ಭಾರ ಹೊತ್ತ ನಮ್ಮ ಪದದಲ್ಲಿ ಕಟ್ಟುಬಿದ್ದವನು ಕಾಣುತ್ತಾನೆ, ಕಟ್ಟಿದವನು ಮರೆಯಾಗುತ್ತಾನೆ. ಹಾಗೆಂದು ಮರಾಠಿ ಪದವೂ ನಿರಪರಾಧಿಯಲ್ಲ; ‘ಸ್ಥಾನಬದ್ಧ’ ಎಂದರೆ ಯಾರೋ ತಾವಾಗಿಯೇ ಒಂದೆಡೆ ನೆಲೆನಿಂತಂತೆ ಕೇಳಿಸುತ್ತದೆ.

ಉತ್ತರ ಕರ್ನಾಟಕದ ಠಾಣೆಗಳ ಕಾಗದಪತ್ರಗಳಲ್ಲಿ ಉಳಿದಿರುವ ‘ದಸ್ತಗಿರಿ’ ಇವೆರಡಕ್ಕಿಂತ ಪ್ರಾಮಾಣಿಕ. ಪಾರಸಿಯಲ್ಲಿ ಅದು ಕೈ ಹಿಡಿಯುವುದು. ಅದೇ ಪದ ಸೂಫಿ ಪರಂಪರೆಯಲ್ಲಿ ಕೈಹಿಡಿದು ಕಾಯುವ ಗುರುವಿನ ಬಿರುದಾಗಿ, ನಮ್ಮ ಊರುಗಳಲ್ಲಿ ದಸ್ತಗೀರ್ ಎಂಬ ಹೆಸರಾಗಿಯೂ ಉಳಿದಿದೆ. ಹಿಡಿದ ಕೈ ಎರಡರಲ್ಲೂ ಕಾಣುತ್ತದೆ.

ಇದು ಬರಿಯ ಪದಪ್ರಿಯರ ತಕರಾರಲ್ಲ. ಸಂವಿಧಾನದ 22ನೆಯ ವಿಧಿಯಂತೆ ದಸ್ತಗಿರಿಯಾದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಕಾಣುವ ಹಕ್ಕೂ ಅವನಿಗಿದೆ. ಅದೇ ವಿಧಿಯ 3ನೆಯ ಖಂಡ ಮುನ್ನೆಚ್ಚರಿಕೆಯ ಡಿಟೆನ್ಶನ್‌ಗೆ ಒಳಗಾದವನಿಗೆ ಈ ಎರಡನ್ನೂ ನಿರಾಕರಿಸುತ್ತದೆ. ಆ ಕಾರಣಗಳನ್ನು ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಅವನು ಓದಬಲ್ಲ ಲಿಪಿಯಲ್ಲಿ ಕೊಡಬೇಕು, ಇಂಗ್ಲಿಷ್ ಆದೇಶವನ್ನು ಅಧಿಕಾರಿ ಬಾಯಲ್ಲಿ ವಿವರಿಸಿದರೆ ಸಾಲದು ಎಂದು ಸರ್ವೋಚ್ಚ ನ್ಯಾಯಾಲಯ 1962ರಲ್ಲೇ ಹೇಳಿತು. ಹರಿಕಿಸನ್ ಎಂಬವರು ಮಹಾರಾಷ್ಟ್ರ ಸರ್ಕಾರದ ವಿರುದ್ಧ ಹೂಡಿದ್ದ ಪ್ರಕರಣವದು. ಅವರು ಕೇಳಿದ್ದು ಹಿಂದಿ ಪ್ರತಿಯನ್ನು.

ಇಚಲಕರಂಜಿಯ ವಿದ್ಯುತ್ ಮಗ್ಗದ ಕಾರ್ಮಿಕನೊಬ್ಬ ನಾಳೆ ಕನ್ನಡ ಪ್ರತಿಯನ್ನೇ ಕೇಳಿ ಪಡೆದನೆನ್ನೋಣ. ಅದರಲ್ಲಿ ‘ನಿಮ್ಮ ಬಂಧನದ ಕಾರಣಗಳು’ ಎಂದಷ್ಟೇ ಇದ್ದರೆ, ನಾಳೆ ಬೆಳಗಾದರೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲುವೆನೋ, ಸಲಹಾ ಮಂಡಳಿಯ ಅಭಿಪ್ರಾಯಕ್ಕಾಗಿ ತಿಂಗಳುಗಟ್ಟಲೆ ಕಾಯುವೆನೋ ಅವನಿಗೆ ತಿಳಿಯದು. ಮೊದಲನೆಯದಕ್ಕೆ ‘ದಸ್ತಗಿರಿ’, ಎರಡನೆಯದಕ್ಕೆ ‘ತಡೆದಿರಿಸಿಕೊಳ್ಳುವಿಕೆ’ ಎಂದು ಬರೆಯಬಹುದು. ಎರಡನೆಯದು ಉದ್ದವಾಯಿತು, ಒರಟೂ ಆಯಿತು. ಇರಲಿ, ಅದು ಯಾರೋ ಒಬ್ಬರು ಮಾಡಿದ ಕೆಲಸವೆಂದು ಗೊತ್ತಾಗುತ್ತದೆ.