ಮಾತು ಉಳಿದು ಇಂಗಿತ ಜಾರಿದಾಗ: ಬಲಗೋಳಾರ್ಧದ ಹಾನಿ ಮತ್ತು ನಮ್ಮ ಪರೀಕ್ಷಾಕ್ರಮ

1865ರಲ್ಲಿ ಪಾಲ್ ಬ್ರೋಕಾ ವಾಕ್‌ಶಕ್ತಿಯನ್ನು ಮಿದುಳಿನ ಎಡಗೋಳಾರ್ಧಕ್ಕೆ ಸಂಬಂಧಿಸಿ ಹೇಳಿದ ಮೇಲೆ, ಭಾಷೆಯ ನೆಲೆ ಎಡಭಾಗವೇ ಎಂಬ ಸೂತ್ರ ಪಠ್ಯಪುಸ್ತಕಗಳಲ್ಲಿ ಬೇರೂರಿತು. ಭಾಷೆಯೆಂದರೆ ಧ್ವನಿಮಾ, ಆಕೃತಿಮಾ, ವಾಕ್ಯ ಎಂದಷ್ಟೇ ತಿಳಿದರೆ, ಬಲಗೈ ಬಳಸುವ ಬಹುತೇಕರ ಮಟ್ಟಿಗೆ ಈ ಸೂತ್ರ ಸರಿ. ಭಾಷೆ ಸಂವಹನವೂ ಹೌದೆಂದರೆ ಅದು ಸಾಲದು. ಬಲಗೋಳಾರ್ಧಕ್ಕೆ ಹಾನಿಯಾದವರನ್ನು ಕನ್ನಡದಲ್ಲಿ ನಾವು ಪರೀಕ್ಷಿಸುವ ಕ್ರಮ ಈ ಸಾಲದ ಸೂತ್ರವನ್ನೇ ಅವಲಂಬಿಸಿದೆ ಎಂಬುದು ಇಲ್ಲಿ ನಮ್ಮ ಆಕ್ಷೇಪ.

ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟದ ಒಂದು ಸನ್ನಿವೇಶವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳೋಣ. ಕೊಯ್ಲಿನ ಕಾಲ, ಕಣದಲ್ಲಿ ಕಾಫಿ ಒಣಗುತ್ತಿದೆ. ಆಳು ಬಂದು ‘ಗೌಡ್ರೇ, ಮೋಡ ಕಟ್ತಲ್ಲ’ ಎನ್ನುತ್ತಾನೆ. ಇದು ಹವಾಮಾನದ ವರದಿಯಲ್ಲ. ಟಾರ್ಪಾಲು ಹೊದಿಸಲು ಅಪ್ಪಣೆ ಕೇಳುವ ಬಗೆ. ಬಲಗೋಳಾರ್ಧಕ್ಕೆ ಪೆಟ್ಟಾದ ಯಜಮಾನರು ‘ಹೌದು, ಕಟ್ಟಿದೆ’ ಎಂದು ಸುಮ್ಮನಾಗಬಹುದು. ಉತ್ತರದಲ್ಲಿ ವ್ಯಾಕರಣದೋಷವಿಲ್ಲ, ಪದಕ್ಕಾಗಿ ತಡವರಿಕೆಯಿಲ್ಲ. ಕಾಫಿ ಮಾತ್ರ ನೆನೆಯುತ್ತದೆ. ಲಕ್ವದಿಂದ ಎಡಗೈ ಸೋತದ್ದು ಮನೆಯವರಿಗೆ ಕಾಣುತ್ತದೆ. ಇಂಗಿತ ಸೋತದ್ದು ಕಾಣದೆ, ‘ಮಾತು ಸರಿಯಿದೆ, ಮನುಷ್ಯ ಬದಲಾದರು’ ಎಂದುಕೊಳ್ಳುತ್ತಾರೆ.

ಇಂಥವರಿಗೆ ನಾವು ಒಡ್ಡುವ ಪರೀಕ್ಷೆ ಯಾವುದು? ಆಂಡ್ರ್ಯೂ ಕೆರ್ಟೆಸ್ ಅವರ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ ಕನ್ನಡಕ್ಕೂ ಅಳವಟ್ಟಿದೆ. ನಿರರ್ಗಳತೆ, ಗ್ರಹಿಕೆ, ಪುನರುಚ್ಚಾರಣೆ, ನಾಮಕರಣ ಇವನ್ನು ಅದು ಅಳೆಯುತ್ತದೆ. ವಾಕ್‌ಸ್ತಂಭನವನ್ನು ಗುರುತಿಸಲು ಅದು ಉಪಯುಕ್ತ. ಆದರೆ ನಮ್ಮ ಯಜಮಾನರು ಅದರಲ್ಲಿ ಸಲೀಸಾಗಿ ತೇರ್ಗಡೆಯಾಗಬಹುದು. ಆ ಅಂಕವನ್ನು ‘ಸಂವಹನ ಸಹಜ’ ಎಂದು ಓದಿದರೆ ತಪ್ಪು ಪರೀಕ್ಷೆಯದಲ್ಲ, ಓದಿದ ನಮ್ಮದು.

ಹಾಗೆಂದು ಬಲಗೋಳಾರ್ಧಕ್ಕೆಂದೇ ಇಂಗ್ಲಿಷಿನಲ್ಲಿ ರಚಿತವಾದ ಪರೀಕ್ಷೆಗಳನ್ನು ಅನುವಾದಿಸಿದರೆ ಕೆಲಸ ಮುಗಿಯುವುದಿಲ್ಲ. ಕ್ಯಾರನ್ ಬ್ರಯಾನ್ ಅವರ ಪರೀಕ್ಷಾಮಾಲೆಯಲ್ಲಿ ರೂಪಕ, ಊಹೆ, ಹಾಸ್ಯಗಳ ಜೊತೆಗೆ ಒತ್ತುಕೊಟ್ಟು ನುಡಿಯುವ ಭಾಗವೂ ಇದೆ. ಇಂಗ್ಲಿಷಿನಲ್ಲಿ ಆ ಒತ್ತು ಬಹುಪಾಲು ಸ್ವರಭಾರದ ಹೊಣೆ. ಕನ್ನಡದಲ್ಲಿ ‘ಅವನೇ ಬಂದ’ ಎಂಬಲ್ಲಿ ಒತ್ತನ್ನು ಹೊರುವುದು ‘ಏ’ ಎಂಬ ಅವಧಾರಣೆ. ಸ್ವರದ ಏರಿಳಿತ ಚಪ್ಪಟೆಯಾದ ರೋಗಿಯಲ್ಲೂ ಈ ‘ಏ’ ಉಳಿದಿರಬಹುದು. ಹಾಗಿದ್ದರೆ ಕನ್ನಡದ ಆಕೃತಿಮಾ ರಚನೆ ಹಾನಿಯನ್ನು ಮರೆಮಾಚುತ್ತದೆ. ಇದು ನಮ್ಮ ಊಹೆ, ಪರೀಕ್ಷಿಸಬೇಕಾದದ್ದು. ಹೊರಡುವವರು ‘ಬರ್ತೀನಿ’ ಎನ್ನುವುದು, ಕೇಳಿದ ಸುದ್ದಿಯನ್ನು ‘ಅಂತೆ’ ಸೇರಿಸಿ ಹೇಳುವುದು, ನೀನು-ನೀವುಗಳ ಆಯ್ಕೆ — ಇಂಥವು ಅನುವಾದಿತ ಪರೀಕ್ಷೆಯಲ್ಲಿ ಸಿಗಲಾರವು.

ಕಾರ್ಯದ ಸ್ವರೂಪವೂ ಫಲಿತಾಂಶವನ್ನು ಬದಲಿಸುತ್ತದೆ. ಎಲೆನ್ ವಿನ್ನರ್ ಮತ್ತು ಹೊವಾರ್ಡ್ ಗಾರ್ಡ್‌ನರ್ ಅವರ 1977ರ ಅಧ್ಯಯನದಲ್ಲಿ ಬಲಗೋಳಾರ್ಧಕ್ಕೆ ಹಾನಿಯಾದವರು ರೂಪಕಕ್ಕೆ ತಕ್ಕ ಚಿತ್ರ ಆರಿಸುವಾಗ ಆಗಾಗ ವಾಚ್ಯಾರ್ಥದ ಚಿತ್ರವನ್ನೇ ತೋರಿಸಿದರು. ಅದೇ ರೂಪಕವನ್ನು ಮಾತಿನಲ್ಲಿ ವಿವರಿಸಬಲ್ಲವರಾಗಿದ್ದರು. ಆದುದರಿಂದ ‘ರೂಪಕ ತಿಳಿಯದು’ ಎಂಬ ಸಾರಾಸಗಟು ತೀರ್ಮಾನ ಸಲ್ಲದು. ಹಲವು ಅರ್ಥಗಳು ಮೂಡಿದಾಗ ಸಲ್ಲದವನ್ನು ಅದುಮಲಾಗದಿರುವುದೇ ತೊಡಕೆಂದು ಕಾನಿ ಟಾಂಪ್‌ಕಿನ್ಸ್ ವಾದಿಸಿದ್ದಾರೆ. ಬಲಗೋಳಾರ್ಧದ ಹಾನಿಯಾದ ಎಲ್ಲರಲ್ಲೂ ಈ ತೊಂದರೆಗಳು ಕಾಣುವುದೂ ಇಲ್ಲ.

ಸಂಜ್ಞಾನದ ತೊಡಕನ್ನೂ ಭಾಷೆಯಿಂದ ಬೇರ್ಪಡಿಸಿ ನೋಡಲಾಗದು. ಎಡಭಾಗದ ಅಲಕ್ಷ್ಯವಿರುವವರು ‘ಸಕಲೇಶಪುರ’ ಎಂಬಲ್ಲಿ ‘ಪುರ’ವನ್ನಷ್ಟೇ, ಬಟವಾಡೆ ಪುಸ್ತಕದ 1250ರಲ್ಲಿ 250ನ್ನಷ್ಟೇ ಓದಬಹುದು. ಮಂಜರಾಬಾದ್ ಕೋಟೆಯ ನಕ್ಷತ್ರಾಕಾರವನ್ನು ಬರೆಯಹೇಳಿದರೆ ಎಡದ ಮೂಲೆಗಳನ್ನು ಬಿಟ್ಟುಬಿಡಬಹುದು. ಬಿಟ್ಟದ್ದು ಅವರ ಅರಿವಿಗೇ ಬರದಿರಬಹುದು. ತಮ್ಮ ಅಂಗವೈಕಲ್ಯದ ಅರಿವೇ ಇಲ್ಲದ ಇಂಥ ಸ್ಥಿತಿಗೆ ಜೋಸೆಫ್ ಬಬಿನ್ಸ್ಕಿ 1914ರಲ್ಲಿ ಹೆಸರಿಟ್ಟರು. ಅಂಥವರು ಏಳಲಾಗದ ಕಾಲನ್ನು ನೆಚ್ಚಿ ಎದ್ದು ಬೀಳುತ್ತಾರೆ. ಕಡಿಮೆ ಕೂಲಿ ಎಣಿಸಿ ಜಗಳಕ್ಕೆ ಬೀಳುತ್ತಾರೆ. ಮನೆಯವರ ಕಣ್ಣಿಗೆ ಇದು ಹಟ ಅಥವಾ ಜಿಪುಣತನ.

ಆದ್ದರಿಂದ ನಮ್ಮ ಸೂಚನೆ ಎರಡು. ಒಂದು, ಕನ್ನಡದ ಸಂವಾದದಿಂದಲೇ ಹೆಕ್ಕಿದ ಇಂಗಿತದ ಮಾತುಗಳು, ಅವಧಾರಣೆ, ಗೌರವಸೂಚಕಗಳಿಂದ ಪರೀಕ್ಷೆ ರೂಪುಗೊಳ್ಳಬೇಕು. ಅದೇ ಊರಿನ ಆರೋಗ್ಯವಂತರಲ್ಲಿ ಅದನ್ನು ಮೊದಲು ಅಳೆಯಬೇಕು. ಇಲ್ಲವಾದರೆ ಮಿತಭಾಷಿಯೊಬ್ಬರ ಮೌನವೋ, ಮನೆಯಲ್ಲಿ ತುಳು ಅಥವಾ ತಮಿಳಾಡುವ ಕಾರ್ಮಿಕರ ಕನ್ನಡವೋ ರೋಗಲಕ್ಷಣವಾಗಿ ದಾಖಲಾದೀತು. ಎರಡು, ಲಕ್ವಕ್ಕೆ ಮುಂಚೆ ರೋಗಿ ಹೇಗೆ ಮಾತಾಡುತ್ತಿದ್ದರೆಂದು ಮನೆಯವರನ್ನು ಕೇಳಿ ತಿಳಿಯುವುದು ಪರೀಕ್ಷೆಯ ಭಾಗವಾಗಬೇಕು. ‘ಮನುಷ್ಯ ಬದಲಾದರು’ ಎಂಬ ಅವರ ಮಾತು ದೂರಲ್ಲ. ನಮ್ಮ ಅಂಕಪಟ್ಟಿ ಹಿಡಿಯದೆ ಬಿಟ್ಟ ಸಾಕ್ಷ್ಯ.