ಹೋದ ನೀರಿನ ಲೆಕ್ಕ: ದೇವನಹಳ್ಳಿ ಕಲಿಸುವ ಪಾಠ

ದೇವನಹಳ್ಳಿಯ ಮಲತ್ಯಾಜ್ಯ ಸಂಸ್ಕರಣಾ ಘಟಕವನ್ನು ನೋಡಿಬಂದವರು ಅದನ್ನು ಹೊಗಳುತ್ತಾರೆ. ಹೊಗಳಿಕೆ ನ್ಯಾಯವಾದದ್ದೇ. ಆದರೆ ಅದರಲ್ಲಿ ಒಂದು ಪ್ರಶ್ನೆ ಮರೆಯಾಗಿದೆ. ಊರು ದಿನವೂ ಬಳಸಿ ಬಿಡುವ ನೀರಿನಲ್ಲಿ ಎಷ್ಟು ಭಾಗ ಈ ಘಟಕವನ್ನು ತಲಪುತ್ತದೆ?

ಘಟಕ ಮಾಡುವ ಕೆಲಸ

2011ರ ಜನಗಣತಿಯಂತೆ ದೇವನಹಳ್ಳಿಯ ಜನಸಂಖ್ಯೆ ಸುಮಾರು 28,000. ಘಟಕ ಆರಂಭವಾದಾಗ ಊರಿನಲ್ಲಿ ಒಳಚರಂಡಿ ಜಾಲ ಇರಲಿಲ್ಲ. ಮನೆಗಳ ಶೌಚಾಲಯಗಳು ಗುಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಸೇರಿದ್ದವು. ಗುಂಡಿ ತುಂಬಿದಾಗ ಹೀರುಯಂತ್ರದ ಲಾರಿ ಬಂದು ರಾಡಿಯನ್ನು ಒಯ್ಯುತ್ತಿತ್ತು. ಆ ರಾಡಿಗೆ ಒಂದು ಗೊತ್ತಾದ ಸ್ಥಳ ಒದಗಿದ್ದು 2015ರಲ್ಲಿ. ಸಿ.ಡಿ.ಡಿ. ಸೊಸೈಟಿಯು ಪುರಸಭೆಯ ಜೊತೆಗೂಡಿ ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಘಟಕವನ್ನು ನಿರ್ಮಿಸಿತು. ಇಲ್ಲಿ ರಾಡಿ ಗುರುತ್ವ ಬಲದಿಂದಲೇ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹರಿಯುತ್ತದೆ. ಆಮ್ಲಜನಕರಹಿತ ತೊಟ್ಟಿಗಳಲ್ಲಿ ಬ್ಯಾಕ್ಟೀರಿಯಗಳು ಅದನ್ನು ಕೊಳೆಸುತ್ತವೆ. ಆಮೇಲೆ ಅದು ಒಣಹಾಸುಗಳಲ್ಲಿ ಒಣಗಿ, ಊರಿನ ಹಸಿ ಕಸದೊಡನೆ ಸೇರಿ ಗೊಬ್ಬರವಾಗುತ್ತದೆ. ಬಸಿದ ನೀರಿಗೆ ಬೇರೆಯೇ ಸಂಸ್ಕರಣೆಯಿದೆ.

ಸರಳ ತಂತ್ರ, ಕಡಿಮೆ ವಿದ್ಯುತ್ತು. ಮನುಷ್ಯ ಗುಂಡಿಗಿಳಿಯುವ ಅಮಾನುಷ ಪದ್ಧತಿಯನ್ನು 2013ರ ಕಾಯಿದೆ ನಿಷೇಧಿಸಿದೆ. ಅದು ನಿಜವಾಗಿ ತೊಲಗಬೇಕಾದರೆ ಯಂತ್ರವೂ ಬೇಕು, ಯಂತ್ರ ಹೀರಿದ್ದನ್ನು ಸುರಿಯಲು ತಾಣವೂ ಬೇಕು.

ಮಾಡದ ಕೆಲಸ

ಈಗ ಸಂಖ್ಯೆಗಳನ್ನು ನೋಡೋಣ. ಕೇಂದ್ರ ಸರ್ಕಾರದ ನೀರು ಸರಬರಾಜು ಕೈಪಿಡಿಯು 1999ರಲ್ಲಿ, ಒಳಚರಂಡಿ ಇಲ್ಲದ ಊರುಗಳಿಗೆ ತಲೆಗೆ ದಿನಕ್ಕೆ 70 ಲೀಟರ್ ನೀರು ಎಂಬ ಮಾನಕವನ್ನು ಹೇಳಿತ್ತು. ಅದರಂತೆ 28,000 ಜನರಿಗೆ ಬೇಕಾದದ್ದು 19.6 ಲಕ್ಷ ಲೀಟರ್. ಇದರಲ್ಲಿ ಶೇಕಡಾ 80 ಭಾಗ ಕೊಳಚೆ ನೀರಾಗುತ್ತದೆಂಬುದು ಇಂಜಿನಿಯರರ ವಾಡಿಕೆಯ ಅಂದಾಜು. ಅಂದರೆ ಸುಮಾರು 15.7 ಲಕ್ಷ ಲೀಟರ್. ಘಟಕದ 6,000 ಲೀಟರನ್ನು ಇದರ ಪಕ್ಕದಲ್ಲಿಟ್ಟರೆ 260ರಲ್ಲಿ ಒಂದು ಪಾಲು!

ಈ ಹೋಲಿಕೆಯನ್ನು ಎಚ್ಚರದಿಂದ ಬಳಸಬೇಕು. ಗುಂಡಿಯ ರಾಡಿ ಸಾಮಾನ್ಯ ಕೊಳಚೆ ನೀರಿಗಿಂತ ಹಲವು ಪಟ್ಟು ಸಾಂದ್ರ. ಅದರಲ್ಲಿರುವ ರೋಗಾಣುಗಳ ಹೊರೆಯೂ ದೊಡ್ಡದು. ಆದ್ದರಿಂದ ಗಾತ್ರದಲ್ಲಿ ಚಿಕ್ಕದಾದರೂ ಅಪಾಯದ ದೊಡ್ಡ ಭಾಗವನ್ನೇ ಘಟಕ ಹಿಡಿಯುತ್ತದೆ. ಆದರೂ ಉಳಿದ ನೀರು ಇದ್ದೇ ಇದೆ. ಸ್ನಾನ, ಬಟ್ಟೆ, ಪಾತ್ರೆಗಳ ನೀರು ಮತ್ತು ಸೆಪ್ಟಿಕ್ ಟ್ಯಾಂಕಿನಿಂದ ಹೊರಬೀಳುವ ದ್ರವ ಮೋರಿಗೋ ನೆಲಕ್ಕೋ ಸೇರುತ್ತವೆ.

ಮೋರಿಯ ನೀರು ಹೋದಲ್ಲೇ ಉಳಿಯುವುದಿಲ್ಲ. ಸಣ್ಣ ಊರುಗಳಲ್ಲಿ ಕೊಳಾಯಿಯ ಕೊಳವೆ ಮೋರಿಯ ಪಕ್ಕದಲ್ಲೇ, ಕೆಲವೆಡೆ ಮೋರಿಯನ್ನು ದಾಟಿಯೇ ಸಾಗುತ್ತದೆ. ನೀರು ಬಿಡುವ ಹೊತ್ತಿನಲ್ಲಿ ಕೊಳವೆಯೊಳಗಿನ ಒತ್ತಡ ಹೆಚ್ಚು, ಸೋರಿಕೆ ಹೊರಕ್ಕೆ. ನಿಲ್ಲಿಸಿದಾಗ ಒತ್ತಡ ಕುಸಿಯುತ್ತದೆ, ಸೋರಿಕೆ ಒಳಕ್ಕೆ. ಇದಕ್ಕೆ ನಮ್ಮ ರಾಜ್ಯದಲ್ಲೇ ಆಧಾರವಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಿಟ್ಟು ಬಿಟ್ಟು ನೀರು ಬರುವ ಬಡಾವಣೆಗಳ ನಲ್ಲಿಗಳಿಂದ ತೆಗೆದ ಮಾದರಿಗಳಲ್ಲಿ ಶೇಕಡಾ 32ರಷ್ಟರಲ್ಲಿ ಇ. ಕೋಲಿ ಬ್ಯಾಕ್ಟೀರಿಯ ಕಂಡುಬಂತು. ನಿರಂತರ ಸರಬರಾಜಿನ ಬಡಾವಣೆಗಳಲ್ಲಿ ಅದು ಶೇಕಡಾ ಒಂದಕ್ಕಿಂತ ಕಡಿಮೆ. ಹೋದ ನೀರಿನ ಅಲಕ್ಷ್ಯಕ್ಕೆ ಬೆಲೆ ತೆರುವವರು ಮಕ್ಕಳು.

ಒಳಚರಂಡಿಯೇ ಉತ್ತರವೇ?

ಹಾಗಾದರೆ ಒಳಚರಂಡಿ ಹಾಕಿದರಾಯಿತಲ್ಲ, ಎನ್ನಬಹುದು. ಅಲ್ಲಿಯೂ ಭೌತಶಾಸ್ತ್ರ ಅಡ್ಡ ಬರುತ್ತದೆ. ಚರಂಡಿ ಕೊಳವೆಯಲ್ಲಿ ಗಟ್ಟಿ ಪದಾರ್ಥ ತಳಕ್ಕೆ ಕೂರದಿರಬೇಕಾದರೆ ಹರಿವಿನ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಇರಬೇಕು. ಅಷ್ಟು ಹರಿವಿಗೆ ಸಾಕಷ್ಟು ನೀರು ಬೇಕು. ಅದೇ ಕೈಪಿಡಿ ಒಳಚರಂಡಿಯುಳ್ಳ ಊರುಗಳಿಗೆ 70ರ ಬದಲು 135 ಲೀಟರ್ ಎಂದದ್ದರಲ್ಲಿ ಅರ್ಥವಿದೆ. ನೀರನ್ನು ಕೊಡದೆ ಕೊಳವೆಯನ್ನು ಮಾತ್ರ ಹೂಳಿದರೆ, ಕಟ್ಟಿಕೊಂಡ ಮ್ಯಾನ್‌ಹೋಲ್‌ಗಳೇ ಫಲ. ಆಗ ಮತ್ತೆ ಮನುಷ್ಯನನ್ನು ಇಳಿಸುವ ಒತ್ತಡ ಹುಟ್ಟುತ್ತದೆ.

ಬರುವ ನೀರಿನ ಬೆಲೆ

ಆ ಹೆಚ್ಚಿನ ನೀರು ಎಲ್ಲಿಂದ ಬರಬೇಕು? ಈ ಭಾಗದ ಕೊಳವೆಬಾವಿಗಳು ಬಹಳ ಆಳಕ್ಕೆ ಇಳಿದಿವೆ. 300 ಮೀಟರ್ ಆಳದಿಂದ ಸಾವಿರ ಲೀಟರ್ ನೀರೆತ್ತಲು 29.4 ಲಕ್ಷ ಜೂಲ್, ಅಂದರೆ 0.82 ಯೂನಿಟ್ ಶಕ್ತಿ ಬೇಕು. ಪಂಪಿನ ದಕ್ಷತೆ ಶೇಕಡಾ 50 ಎಂದುಕೊಂಡರೆ ಖರ್ಚು 1.6 ಯೂನಿಟ್. ಊರಿಗೆ ಬೇಕಾದ 19.6 ಲಕ್ಷ ಲೀಟರಿಗೆ ದಿನಕ್ಕೆ ಸುಮಾರು 3,200 ಯೂನಿಟ್. ನೀರು 10 ಮೀಟರ್ ಆಳದ ತೆರೆದ ಬಾವಿಯಲ್ಲಿ ದೊರೆತರೆ ಇದರ ಮೂವತ್ತನೆಯ ಒಂದು ಭಾಗ ಸಾಕು.

ಈ ದಿಕ್ಕಿನಲ್ಲಿಯೂ ದೇವನಹಳ್ಳಿ ಒಂದು ಹೆಜ್ಜೆಯಿಟ್ಟಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ ಈ ಭಾಗದ ಕೆರೆಗಳಿಗೆ ಹರಿಸಲಾಗುತ್ತಿದೆ. ಊರಿನ ಸಿಹಿನೀರು ಕೆರೆ ತುಂಬಿದಾಗ ಪಕ್ಕದ ಹಳೆಯ ಬಾವಿಗೂ ಜೀವ ಬಂತು. ಬಾವಿಯ ನೀರನ್ನು ಶುದ್ಧೀಕರಿಸಿ ಪಟ್ಟಣಕ್ಕೆ ಕೊಡುವ ವ್ಯವಸ್ಥೆಯಾಯಿತು. ಎರಡನೆಯ ಹಂತದಲ್ಲಿ ಸಾರಜನಕ, ರಂಜಕ, ಭಾರಲೋಹಗಳು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ನಿರಂತರ ಪರೀಕ್ಷೆ ಬೇಕು. ಅದರ ಫಲಿತಾಂಶ ಜನರ ಕಣ್ಣಿಗೆ ಬೀಳಬೇಕು.

ವಿಚಿತ್ರವನ್ನು ಗಮನಿಸಿ. ಹತ್ತಾರು ಕಿಲೋಮೀಟರ್ ದೂರದ ಮಹಾನಗರದ ಬಳಸಿದ ನೀರು ಸಂಪನ್ಮೂಲವೆನಿಸಿ ಊರಿಗೆ ಬರುತ್ತದೆ. ಊರಿನದೇ ಮೋರಿಯ ನೀರು ಮಾತ್ರ ಯಾವ ಲೆಕ್ಕಕ್ಕೂ ಇಲ್ಲ.

ಲೆಕ್ಕ ಯಾರದು?

ದೋಷ ದೇವನಹಳ್ಳಿ ಒಂದರದೇ ಅಲ್ಲ. 1992ರ 74ನೇ ಸಂವಿಧಾನ ತಿದ್ದುಪಡಿ ನೀರು, ನೈರ್ಮಲ್ಯ ಎರಡನ್ನೂ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ ಸೇರಿಸಿತು. ಆದರೂ ದೊಡ್ಡ ಯೋಜನೆಗಳನ್ನು ರೂಪಿಸಿ ಕಟ್ಟುವುದು ಬಹುಮಟ್ಟಿಗೆ ರಾಜ್ಯದ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ, ನಡೆಸಿ ಬಿಲ್ಲು ಕಟ್ಟುವುದು ಪುರಸಭೆ. ಸರಬರಾಜು ಒಂದು ಕಡತ, ಒಳಚರಂಡಿ ಇನ್ನೊಂದು, ರಾಡಿ ಮತ್ತೊಂದು. ನೀರಿಗೆ ಮಾತ್ರ ಕಡತಗಳ ಭೇದ ಗೊತ್ತಿಲ್ಲ. ಅದು ದ್ರವ್ಯ ಸಂರಕ್ಷಣೆಯ ನಿಯಮವೊಂದನ್ನೇ ಪಾಲಿಸುತ್ತದೆ: ಬಂದದ್ದು ಎಲ್ಲಿಗಾದರೂ ಹೋಗಿರಲೇಬೇಕು. ಹಾಗಾಗಿ ತಲೆಗೆ ಎಷ್ಟು ಲೀಟರ್ ಕೊಟ್ಟೆವು ಎಂಬ ಒಂದೇ ಸಂಖ್ಯೆಯಿಂದ ಪುರಸಭೆಯನ್ನು ಅಳೆಯುವುದು ಅರ್ಧ ಸಮೀಕರಣಕ್ಕೆ ಪೂರ್ಣ ಅಂಕ ಕೊಟ್ಟಂತೆ.

ಉಳಿದರ್ಧವನ್ನು ಅಳೆಯುವುದು ಕಷ್ಟವೇನಲ್ಲ. ಶಿಕ್ಷಕರು ವಿದ್ಯಾರ್ಥಿಗಳೊಡನೆ ಇದನ್ನು ಮಾಡಿ ನೋಡಬಹುದು. ಊರಿನ ಮುಖ್ಯ ಮೋರಿಯ ನೇರವಾದ 10 ಮೀಟರ್ ಭಾಗವನ್ನು ಆರಿಸಿ, ನೀರಿನ ಅಗಲ, ಆಳಗಳನ್ನು ಕೋಲಿನಿಂದ ಅಳೆಯಿರಿ. ಕೈಗವಸು ಇರಲಿ, ನೀರು ಮುಟ್ಟುವುದು ಬೇಡ. ಬೆಂಡಿನ ಚೂರೊಂದನ್ನು ತೇಲಿಬಿಟ್ಟು ಅದು ಆ ದೂರ ಸಾಗುವ ಕಾಲವನ್ನು ಗುರುತಿಸಿ. ಮೇಲ್ಮೈ ವೇಗ ಸರಾಸರಿಗಿಂತ ಹೆಚ್ಚಿರುವುದರಿಂದ 0.8ರಿಂದ ಗುಣಿಸಿ. ಅಗಲ, ಆಳ, ವೇಗಗಳ ಗುಣಲಬ್ಧವೇ ಹರಿವು. ಮಳೆಯಿಲ್ಲದ ದಿನ ಬೆಳಗಿನಿಂದ ಸಂಜೆಯವರೆಗೆ ಗಂಟೆಗೊಮ್ಮೆ ಅಳೆದು ಕೂಡಿಸಿ, ಪುರಸಭೆ ತಾನು ಕೊಟ್ಟೆನೆನ್ನುವ ನೀರಿನೊಡನೆ ಹೋಲಿಸಿ. ಎರಡೂ ಸಂಖ್ಯೆಗಳನ್ನು ಶಾಲೆಯ ಫಲಕದ ಮೇಲೂ ಪುರಸಭೆಯ ಮೇಜಿನ ಮೇಲೂ ಇಡಿ. ಘಟಕ ಎಷ್ಟು ದೊಡ್ಡದಿರಬೇಕು ಎಂಬ ಚರ್ಚೆ ಆಮೇಲೆ ಶುರುವಾಗಲಿ.