ನಗಿಸಲಿಕ್ಕೆ ಕರೆಸಿದ ಭಾಷೆ

"ಎರಡನೇ ಶತಮಾನದ ಗ್ರೀಕ್ ನಾಟಕದಾಗ ಕನ್ನಡ! ಹೆಮ್ಮೆ ಪಡ್ರಿ" ಅಂತ ಗಜೇಂದ್ರಗಡದ ಮಾವ ಮೆಸೇಜ್ ಕಳಿಸಿದ್ದರು. ರೋಣದ ಗೆಳೆಯ, ನರಗುಂದದ ಅತ್ತಿಗೆ ಇಬ್ಬರೂ ಅದನ್ನೇ ಸ್ಟೇಟಸ್ ಹಾಕಿದ್ದರು. ನಾಟಕ ಓದಿದವರು ಮಾತ್ರ ಒಬ್ಬರೂ ಸಿಗಲಿಲ್ಲ. ಹುಡುಕಿ ಓದಿದೆ.

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್ ಅದು. 1903ರಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಪ್ರಕಟಿಸಿದರು, ಸಂಖ್ಯೆ 413. ಚಾರಿಷನ್ ಎಂಬ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಒಬ್ಬ ರಾಜನ ಸೆರೆಯಲ್ಲಿದ್ದಾಳೆ. ಬಿಡಿಸಿಕೊಂಡು ಹೋಗಲು ಅಣ್ಣ ಹಡಗು ತಂದಿದ್ದಾನೆ. ನೀರು ಬೆರೆಸದ ವೈನ್ ಕುಡಿಸಿ ರಾಜನನ್ನು ಕೆಡವುತ್ತಾರೆ. ಕಥೆಯ ಎಳೆ ಯೂರಿಪಿಡೀಸ್‌ನದು. ನಗೆ ಮಾತ್ರ ವಿದೂಷಕನದು. ಅವನ ಆಯುಧ ಯಾವುದು ಗೊತ್ತೇನ್ರಿ? ಹೂಸು! ಶತ್ರುಗಳು ಅದಕ್ಕೇ ಓಡುತ್ತಾರೆ.

ರಾಜ ಮತ್ತು ಅವನ ಕಡೆಯವರು ಆಡುವ ಅರ್ಥವಾಗದ ಮಾತುಗಳೇ ನಮ್ಮ ಹೆಮ್ಮೆಯ ಮೂಲ. 1904ರಲ್ಲಿ ಶಾಸನತಜ್ಞ ಹುಲ್ಷ್ ಅವುಗಳಲ್ಲಿ ಕೊಂಚ, ಮಧು, ಪಾತ್ರೆಗಳನ್ನು ಕಂಡು, ಇದು ಕನ್ನಡ ಅಂದರು. 1926ರಲ್ಲಿ ಬಾರ್ನೆಟ್ ಒಪ್ಪಲಿಲ್ಲ. ಆಮೇಲೆ ತುಳು ಅಂದವರೂ ಇದ್ದಾರೆ. ಹಡಗುಗಳ ಓಡಾಟವಂತೂ ನಿಜ: ಈಜಿಪ್ಟಿನ ಬೆರೆನಿಕೆ ಬಂದರಿನ ಉತ್ಖನನದಲ್ಲಿ ಏಳೂವರೆ ಕೆಜಿ ಕರಿಮೆಣಸು ತುಂಬಿದ ಭಾರತದ ಜಾಡಿಯೇ ಸಿಕ್ಕಿದೆ. ನಾವಿಕರ ಕಿವಿಗೆ ಬಿದ್ದ ನಾಲ್ಕು ಮಾತು ನಾಟಕಕಾರನಿಗೆ ಸಿಕ್ಕಿರಬಹುದು.

ಆದರೆ ಅದು ಕನ್ನಡವೇ ಅಂತ ಇಟ್ಟುಕೊಳ್ಳೋಣ. ಆಗ ಒಪ್ಪಿಕೊಳ್ಳಬೇಕಾದ್ದು ಏನು? ನಮ್ಮ ಭಾಷೆಯನ್ನು ಆ ರಂಗದ ಮೇಲೆ ತಂದದ್ದು ಕುಡಿದು ತೂರಾಡುವ ಪರದೇಶಿಯ ಬಡಬಡಿಕೆಯಾಗಿ. ಪ್ರೇಕ್ಷಕರು ನಕ್ಕಿದ್ದು ಅದರ ಅರ್ಥಕ್ಕಲ್ಲ, ಸದ್ದಿಗೆ.

ಈ ನಗು ನನಗೆ ಹೊಸದಲ್ಲ. ಬೆಂಗಳೂರಿನ ಆಫೀಸಿನಲ್ಲಿ ಮೊದಲ ವಾರ ನಾನು "ಒಂದೀಟು ನೀರು ಕೊಡ್ರಿ" ಅಂದಾಗ ಇಡೀ ಟೇಬಲ್ಲು ನಕ್ಕಿತ್ತು. ನಮ್ಮ ಸಿನಿಮಾಗಳಲ್ಲೂ ಉತ್ತರ ಕರ್ನಾಟಕದ ಮಾತು ಬಂತೆಂದರೆ ಬಹಳ ಸಲ ಕಾಮಿಡಿ ಟ್ರ್ಯಾಕ್ ಶುರುವಾಯಿತು ಅಂತಲೇ ಅರ್ಥ. ನಗುತ್ತಿರುವವರೂ ಕನ್ನಡಿಗರೇ.

ಹಾಗಂತ ನಾಟಕ ಕೆಟ್ಟದ್ದೇನಲ್ಲ. ದೇವಿಯ ಗುಡಿಯ ಒಡವೆ ಹೊತ್ತುಕೊಂಡು ಹೋಗೋಣ ಅನ್ನುವ ಮಾತು ಬಂದಾಗ ಚಾರಿಷನ್ ಬೇಡ ಅನ್ನುತ್ತಾಳೆ: ದೇವರನ್ನೇ ದೋಚಿದವರ ಪ್ರಾರ್ಥನೆಯನ್ನು ದೇವರು ಕೇಳುವುದುಂಟೇ? ಇಡೀ ಗದ್ದಲದಲ್ಲಿ ಪರದೇಶದವರ ಗುಡಿಗೆ ಮರ್ಯಾದೆ ಕೊಟ್ಟವಳು ಅವಳೊಬ್ಬಳೇ. ಅವರ ಮಾತಿಗೂ ಅಷ್ಟೇ ಮರ್ಯಾದೆ ಕೊಡುವುದು ನಾಟಕಕಾರನಿಗೆ ಹೊಳೆಯಲಿಲ್ಲ.

ಹೆಮ್ಮೆಯೇ ಬೇಕಿದ್ದರೆ ಅದೇ ಶತಮಾನದ ಟಾಲೆಮಿ ಇದ್ದಾನೆ. ಅವನ ಭೂಗೋಳದಲ್ಲಿ ಬನವಾಸಿಯ ಹೆಸರಿದೆ. ಅಲ್ಲಿ ಬರುವ 'ಬದಿಯಮಾಯಿ' ನಮ್ಮ ರೋಣದ ನೆರೆಯ ಬಾದಾಮಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಅವನು ನಗಲಿಲ್ಲ, ಕೇಳಿ ಬರೆದುಕೊಂಡ.

ಮಾವನಿಗೆ ಇಷ್ಟೇ ರಿಪ್ಲೈ ಮಾಡಿದೆ: "ಹೆಮ್ಮೆ ಆಮ್ಯಾಲೆ ಪಡೂಣು ಮಾವಾ. ಮೊದಲು ನಾಟಕ ಓದ್ರಿ."